ಏಕಾಂತಯ್ಯನ ಮೈಮೇಲಿನ ಬರೆ

ಎಂಬತ್ತಮೂರನೇ ಇಸವಿಯ ಯುಗಾದಿ ಕಳೆದ ಮೇಲೆ ಬೆಂಗಳೂರಿನ ಡಾಕ್ಟರು ನೊಣವಿನಕೆರೆಯ ಕೊಬ್ಬರಿ ವ್ಯಾಪಾರಿ ಏಕಾಂತಯ್ಯನ ಲಿವರಿನ ಒಂದು ಭಾಗವನ್ನೇ ಕೊಯ್ದು ತೆಗೆದರು. ಒಳಗಿನ ಪಿತ್ತನಾಳಕ್ಕೆ ಕ್ಯಾನ್ಸರ್ ಹತ್ತಿತ್ತು. ಹೊಲಿಗೆ ಬಿಚ್ಚಿದ ದಿನ ಅವನ ಹೆಂಡತಿ ಗುರುಶಾಂತಮ್ಮನನ್ನು ಹೊರಗೆ ಕರೆದರು.

"ಕೊಯ್ದ ಅಂಚಿನಲ್ಲಿ ರೋಗ ಸ್ವಲ್ಪ ಉಳಿದಿದೆಯಮ್ಮ. ಕರೆಂಟು, ಅಂದ್ರೆ ರೇಡಿಯೇಷನ್, ಕೊಡಬಹುದು, ಕೀಮೋ ಇಂಜೆಕ್ಷನ್ ಕೊಡಬಹುದು, ಏನೂ ಮಾಡದೆ ಆಗಾಗ ನೋಡ್ತಾ ಇರಬಹುದು. ಯಾವುದರಿಂದ ಎಷ್ಟು ದಿನ ಅಂತ ಆಣೆ ಮಾಡಿ ಹೇಳಲಾರೆ."

ಕರೆಂಟೇ ಇರಲಿ ಅಂದಳು ಗುರುಶಾಂತಮ್ಮ. ಗಂಡನನ್ನು ಕೇಳಲಿಲ್ಲ, ರೋಗ ಉಳಿದಿರುವುದೇ ಅವನಿಗೆ ಗೊತ್ತಿರಲಿಲ್ಲ.

ಊರಲ್ಲಿ ಏಕಾಂತಯ್ಯನ ಅಣ್ಣ ರೇವಣಸಿದ್ದಯ್ಯ ಕೆಂಡವಾಗಿದ್ದ. "ಕಾಮಾಲೆ ಬಂದಾಗ್ಲೇ ಬರೆ ಹಾಕ್ಸಿದ್ರೆ ಹೋಗ್ತಿತ್ತು. ಕತ್ತಿ ಮುಟ್ಸಿ ರೋಗಾನ ಕೆಣಕಿದೀಯ ಕಣಮ್ಮ. ಇನ್ನು ಕರೆಂಟು ಬೇರೆ ಹೊಡೆಸಿ ನನ್ನ ತಮ್ಮನ್ನ ಸುಡ್ತೀಯಾ?"

"ಬುಡಿ ಭಾವ, ನಾಳೆ ಬೆಂಗ್ಳೂರಿಗೆ ಹೊರಡ್ತೀವಿ" ಅಂದಳು.

ಮಾರನೆ ಬೆಳಿಗ್ಗೆ ಅವಳು ಬಾವಿಕಟ್ಟೆಯಲ್ಲಿದ್ದಾಗ ಒಳಗಿಂದ ಗಂಡ ಕಿರುಚಿದ. ಓಡಿಬಂದರೆ, ತೋಟದ ಆಳುಗಳಿಬ್ಬರು ಅವನ ಕೈಕಾಲು ಅದುಮಿ ಹಿಡಿದಿದ್ದರು. ರೇವಣಸಿದ್ದಯ್ಯ ಕೆಂಪಗೆ ಕಾದ ಕುಡುಗೋಲನ್ನು ಹೊಟ್ಟೆಯ ಬಲಗಡೆ, ಗಾಯದ ಪಕ್ಕಕ್ಕೇ ಒತ್ತಿದ್ದ. ಚರ್ಮ ಚುರುಗುಟ್ಟಿ ಕಮಟು ಎದ್ದಿತ್ತು.

"ಬುಡಣ್ಣೋ, ಸಾಯ್ತೀನಿ ಬುಡು!"

ರೇವಣಸಿದ್ದಯ್ಯ ಎರಡನೇ ಬರೆಗೆ ಕೈಯೆತ್ತಿದ. ಗುರುಶಾಂತಮ್ಮ ಮೂಲೆಯ ಒನಕೆ ಎತ್ತಿ ಆ ಕೈಮೇಲೆ ಬೀಸಿದಳು. ಮಣಿಕಟ್ಟು ಲಟಕ್ಕನೆ ಮುರಿಯಿತು. ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ಬಿದ್ದವನ ಭುಜಕ್ಕೆ, ಬೆನ್ನಿಗೆ ಅಳುತ್ತಲೇ ಹೊಡೆದಳು. ಆಳುಗಳು ಓಡಿದರು. ಕೊನೆಗೆ ಏಕಾಂತಯ್ಯನೇ ತೆವಳಿ ಬಂದು ಅವಳ ಕಾಲು ಹಿಡಿದ. "ಸಾಕು ಕಣೇ, ಅಣ್ಣ ಸತ್ತೋಗ್ತಾನೆ." ಏಕಾಂತಯ್ಯನ ಹೊಟ್ಟೆಯ ಗಾಯ ಬಿರಿದು ರಕ್ತ ಪಂಚೆಗೆ ಇಳಿಯುತ್ತಿತ್ತು.

ಬೆಂಗಳೂರಿನ ಬಸ್ಸಿನಲ್ಲಿ ಅವಳು ಮುಚ್ಚಿಟ್ಟಿದ್ದನ್ನೆಲ್ಲ ಗಂಡನಿಗೆ ಹೇಳಿಬಿಟ್ಟಳು.

ಡಾಕ್ಟರು ಬಟ್ಟೆ ಸರಿಸಿ ನೋಡಿದರು. "ಈ ಚರ್ಮದ ಮೇಲೆ ಕರೆಂಟು ಕೊಡೋಕಾಗಲ್ಲ. ಮಾಯೋವರೆಗೂ ರೋಗ ಕಾಯಲ್ಲ. ಇನ್ನು ಇಂಜೆಕ್ಷನ್, ಇಲ್ಲಾ ಸುಮ್ಮನಿರೋದು."

ಗುರುಶಾಂತಮ್ಮ ಬಾಯಿ ತೆರೆದಳು. ಏಕಾಂತಯ್ಯ ಅವಳ ಮೊಣಕೈ ಒತ್ತಿದ. "ಅಣ್ಣ ಬರೆ ಹಾಕ್ದಾಗ್ಲೂ ನನ್ನ ಕೇಳ್ಲಿಲ್ಲ, ನೀನು ಕರೆಂಟು ಅಂದಾಗ್ಲೂ ಕೇಳ್ಲಿಲ್ಲ. ಡಾಕ್ಟ್ರೇ, ಬಿಡಿಸಿ ನನಗೇ ಹೇಳಿ."

ವಾಂತಿ, ಬಾಯಿಹುಣ್ಣು, ಫಲ ಸಿಗದೆ ಹೋಗಬಹುದೆಂಬ ಮಾತು, ಯಾವುದನ್ನೂ ಡಾಕ್ಟರು ಮುಚ್ಚಿಡಲಿಲ್ಲ. ಏಕಾಂತಯ್ಯ ಇಂಜೆಕ್ಷನ್ ಆರಿಸಿಕೊಂಡ. ನಾಲ್ಕು ತಿಂಗಳಾದ ಮೇಲೆ ಸಾಕು ಎಂದವನೂ ಅವನೇ. ಆಮೇಲೆ ಹನ್ನೊಂದು ತಿಂಗಳು ಬದುಕಿದ.

ಅವನು ತೀರಿಕೊಂಡ ದಿನ ರೇವಣಸಿದ್ದಯ್ಯ ಬಂದು ಜಗಲಿಯ ಕಂಬಕ್ಕೆ ಹಣೆ ಚಚ್ಚಿಕೊಂಡು ಅತ್ತ. ಗುರುಶಾಂತಮ್ಮ ಅವನನ್ನು ಒಳಗೆ ಬಿಟ್ಟಳು. ಸಮಾಧಾನ ಮಾತ್ರ ಹೇಳಲಿಲ್ಲ.