ಚೌಕದಾಚೆಯ ತಂಗಿ

ಏಳು ಸಮುದ್ರ ದಾಟಿ ಹೋದ ರಾಜಕುಮಾರರ ಕಥೆಯನ್ನು ನೀವೆಲ್ಲ ಕೇಳಿರುತ್ತೀರಿ. ಒಂದಾನೊಂದು ನಗರದಲ್ಲಿ ಒಂದೇ ಒಂದು ಚೌಕ ದಾಟಲಾರದೆ ಕೂತ ಅಕ್ಕ ತಂಗಿಯರ ಕಥೆ ಇದು.

ನಗರದ ನಟ್ಟನಡುವೆ ಆ ಚೌಕ. ಅದರ ಮಧ್ಯೆ ನೀರಿಲ್ಲದ ಕಾರಂಜಿ, ಪಕ್ಕದಲ್ಲಿ ಕಲ್ಲಿನ ಬೆಂಚು, ಅಲ್ಲಿಗೆ ಇಳಿದು ಹೋಗಲು ಸುತ್ತಲೂ ಮೆಟ್ಟಿಲು. ಚೌಕದ ಈ ಬದಿಗೆ ಹೊಲಿಗೆ ಅಂಗಡಿ. ಅಂಗಡಿ ನಡೆಸುವವಳು ಸೊಸೆ. ಅಲ್ಲೇ ಕೂತು ಗುಂಡಿ ಹಚ್ಚುವವರು ಅವಳ ಅತ್ತೆ. ಆ ಬದಿಗೆ ಗಡಿಯಾರ ರಿಪೇರಿಯ ಅಂಗಡಿ. ಅದರ ಮೇಲಿನ ಮನೆಯಲ್ಲಿ ಅತ್ತೆಯ ತಂಗಿ, ಹಗಲಿಡೀ ಮೊಮ್ಮಕ್ಕಳ ಹಿಂದೆ. ಸಂಜೆಯಾದರೆ ಮಾತ್ರ ಅಕ್ಕ ತಂಗಿ ಇಬ್ಬರೂ ಆ ಬೆಂಚಿಗೆ ಬಂದು, ದಿನದ ಮಾತನ್ನೆಲ್ಲ ಬಿಚ್ಚಿ ಹರವಿ, ಮತ್ತೆ ಮಡಿಚಿಟ್ಟು ಎದ್ದು ಹೋಗುತ್ತಿದ್ದರು.

ಆಮೇಲೆ ಚೌಕದ ದೀಪಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಕೆಲವು ದಿನಕ್ಕೆ ಅತ್ತೆಯೂ ಸಂಜೆ ಹೊರಗೆ ಹೋಗುವುದನ್ನು ಬಿಟ್ಟರು.

"ಮೊಣಕಾಲು ನೋವು," ಅಂದರು.

ಪಾಪ, ಮನೆಯವರು ನಂಬಿದರು. ಮಗ ಎಣ್ಣೆ ತಂದ, ಮುಲಾಮು ತಂದ, ಮೊಣಕಾಲಿಗೆ ಹಾಕುವ ಪಟ್ಟಿ ತಂದ. ಸೊಸೆ ದಿನವೂ ಕಾಲೊತ್ತಿದಳು. ಅತ್ತೆಯೋ ಕಿಟಕಿಯ ಬಳಿ ಕೂತು ಆಚೆ ಬದಿಯ ಕಿಟಕಿಯನ್ನೇ ನೋಡುತ್ತಿದ್ದರು.

"ಫೋನ್ ಮಾಡಿ ಮಾತಾಡಿ ಅತ್ತೆ."

"ಫೋನಲ್ಲಿ ಅವಳು ಸುಳ್ಳು ಹೇಳ್ತಾಳೆ. ಮುಖ ನೋಡಿದ್ರೆ ತಾನೇ ಗೊತ್ತಾಗೋದು ಚೆನ್ನಾಗಿದಾಳೋ ಇಲ್ವೋ ಅಂತ?"

ಸೊಸೆ ಅತ್ತೆಯ ಪಕ್ಕ ಬಂದು ಕೂತಳು. "ನಿಮ್ಮನ್ನ ಆ ಬೆಂಚಿಗೆ ಮುಟ್ಟಿಸೋದು ನನ್ನ ಜವಾಬ್ದಾರಿ. ಮಾತು ಅಂದ್ರೆ ಮಾತು," ಅಂದುಬಿಟ್ಟಳು. ಹೇಗೆಂದು ಅವಳಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ನಗರಸಭೆಯ ಎಂಜಿನಿಯರ್ ಹುಡುಗಿ ಅಂಗಡಿಗೆ ಬಂದಳು.

"ಅಮ್ಮಾ, ಚೌಕ ರಿಪೇರಿ ಮಾಡ್ತಿದೀವಿ, ಹೊಸ ದೀಪಾನೂ ಬರ್ತವೆ. ಎಲ್ಲೆಲ್ಲಿ ಹಾಕ್ಬೇಕು ಅಂತ ನೋಡೋಕೆ ಇವತ್ತು ಸಂಜೆ ಎಲ್ಲರೂ ಸೇರಿ ಚೌಕ ಸುತ್ತೋಣ. ಬನ್ನಿ."

ಸೊಸೆ ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ. "ನೀವು ಅಗೀತೀರ, ಧೂಳೆಲ್ಲ ನನ್ನ ಬಟ್ಟೆ ಮೇಲೆ ಕೂರತ್ತೆ. ದೀಪ ಹಾಕ್ತೀರ, ಫೋಟೋ ತೆಗೆಸ್ಕೋತೀರ, ಆಮೇಲೆ ಅದು ಕೆಟ್ಟು ಕೂರತ್ತೆ. ನಾವು ಬಂದು ಹೇಳೋದೇನಿದೆ? ಮಧ್ಯದಲ್ಲೊಂದು ದೊಡ್ಡ ಕಂಬ ನೆಟ್ಟುಬಿಡಿ, ಹಗಲಿನ ಹಾಗೆ ಬೆಳಗಲಿ. ಮುಗೀತಲ್ಲ!"

"ನಮ್ಮ ನಕ್ಷೆಯಲ್ಲೂ ಅದೇ ಇದೆ," ಹುಡುಗಿ ನಕ್ಕಳು. "ಆದ್ರೆ ನಕ್ಷೆ ಯಾವತ್ತೂ ಆ ಮೆಟ್ಟಿಲು ಇಳಿದಿಲ್ಲ ನೋಡಿ. ದಿನಾ ಓಡಾಡೋರು ನೀವು."

ಮೂಲೆಯಿಂದ ಅತ್ತೆಯ ದನಿ ಬಂತು. "ದೀಪ ಬರತ್ತಾ? ನಿಜವಾಗ್ಲೂ? ಹಾಗಾದ್ರೆ ನಾನು ಬರ್ತೀನಿ."

"ಅತ್ತೇ, ಮೊಣಕಾಲು?"

"ಇವತ್ತು ಪರವಾಗಿಲ್ಲ," ಅಂದವರೇ ಚಪ್ಪಲಿ ಹುಡುಕತೊಡಗಿದರು.

ಹೊತ್ತು ಮುಳುಗುತ್ತಿದ್ದಂತೆ ಹೊಲಿಗೆ ಅಂಗಡಿಯ ಪಕ್ಕದ ಬ್ರೆಡ್ ಅಂಗಡಿಯ ಮುಂದೆ ನೆರೆಹೊರೆಯವರು ಸೇರಿದರು. "ಎಲ್ಲಿ ಹೆಜ್ಜೆ ಇಡೋಕೆ ಹಿಂದೆ ಮುಂದೆ ನೋಡ್ತೀರೋ ಅಲ್ಲಿ ಗುರುತು ಹಾಕಿ," ಅಂದಳು ಎಂಜಿನಿಯರ್ ಹುಡುಗಿ. ಸೊಸೆ ಬಟ್ಟೆಗೆ ಗುರುತು ಹಾಕುವ ತನ್ನ ಸೀಮೆಸುಣ್ಣವನ್ನೇ ತಂದಿದ್ದಳು.

ಬ್ರೆಡ್ ಅಂಗಡಿಯ ಬೆಳಕು ಬೀಳುವಷ್ಟು ದೂರ ಅತ್ತೆ ಎಷ್ಟು ಚುರುಕಾಗಿ ನಡೆದರೆಂದರೆ, ಸೊಸೆಯೇ ಹಿಂದೆ ಬಿದ್ದಳು. ಬೆಳಕು ಮುಗಿದು ಮೆಟ್ಟಿಲು ಶುರುವಾಗುವಲ್ಲಿ ಅತ್ತೆ ಮೊಳೆ ಹೊಡೆದ ಹಾಗೆ ನಿಂತರು.

"ಮೊಣಕಾಲು ಹಿಡ್ಕೊಂತಾ ಅತ್ತೆ?"

"ಹೂಂ, ಹಿಡ್ಕೊಂತು."

ಎಂಜಿನಿಯರ್ ಹುಡುಗಿ ಮೆಟ್ಟಿಲಿಗೆ ಟಾರ್ಚ್ ಹಿಡಿದಳು. ಅತ್ತೆ ಸರಸರನೆ ಎರಡು ಮೆಟ್ಟಿಲು ಇಳಿದರು. ಹುಡುಗಿ ಟಾರ್ಚ್ ಆರಿಸಿದಳು. ಅತ್ತೆ ನಿಂತರು.

"ಮತ್ತೆ ಹಿಡ್ಕೊಂತಾ?"

"ಹೂಂ."

ಸೊಸೆ ಸೊಂಟದ ಮೇಲೆ ಕೈಯಿಟ್ಟಳು. "ಅಲ್ಲಾ ಅತ್ತೆ, ಬೆಳಕು ಯಾವುದು, ಕತ್ತಲೆ ಯಾವುದು ಅಂತ ಮೊಣಕಾಲಿಗೆ ಹೇಗೆ ಗೊತ್ತಾಗತ್ತೆ?"

ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಅತ್ತೆ ನಗಲಿಲ್ಲ. ಮೆಲ್ಲಗೆ ಅಲ್ಲೇ ಕೂತರು.

"ಸಂಜೆ ಆದ್ರೆ ಮೆಟ್ಟಿಲಿನ ಅಂಚು ಕಾಣಲ್ಲ ಕಣೇ. ಎಲ್ಲಾ ಒಂದೇ ಬಣ್ಣದ ಕಲ್ಲು. ಒಂದ್ಸಲ ಮುಗ್ಗರಿಸಿದೆ. ಯಾರಿಗೂ ಹೇಳ್ಲಿಲ್ಲ."

"ನನಗೂ ಹೇಳಬಾರದಿತ್ತಾ?"

"ಕಣ್ಣು ಮಂಜು ಅಂದ್ರೆ ನನ್ನ ಕೈಯಿಂದ ಗುಂಡಿ ಡಬ್ಬಿ ಕಿತ್ಕೊಳ್ತೀಯ. ಆಮೇಲೆ ನಾನು ಮೂಲೇಲಿ ಕೂತು ಏನು ಮಾಡ್ಲಿ, ಹೇಳು?"

ಸೊಸೆ ಸೊಂಟದ ಮೇಲಿನ ಕೈ ಇಳಿಸಿದಳು. ಇಷ್ಟು ದಿನ ಏನೂ ಆಗದ ಕಾಲನ್ನು ಒತ್ತಿದ್ದಳು. ಹೆದರಿದ ಮನಸ್ಸಿನ ಕಡೆ ನೋಡಿಯೇ ಇರಲಿಲ್ಲ. ಪಕ್ಕದಲ್ಲೇ ಕೂತು ಅತ್ತೆಯ ಕೈ ಹಿಡಿದಳು. "ಆ ಡಬ್ಬಿ ನಿಮ್ಮದೇ. ನೀವು ಹಚ್ಚಿದ ಗುಂಡಿ ಅಂಗಿ ಹರಿದ್ರೂ ಕಿತ್ತು ಬರಲ್ಲ. ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ. ಡಬ್ಬಿ ಬಿಡಿಸೋಕಲ್ಲ, ಇನ್ನೂ ಚೆನ್ನಾಗಿ ಕಾಣಲಿ ಅಂತ."

"ಅಜ್ಜಿ, ತಪ್ಪೆಲ್ಲ ನಿಮ್ಮ ಕಣ್ಣಿನದೇ ಅಲ್ಲ," ಎಂಜಿನಿಯರ್ ಹುಡುಗಿಯೂ ಬಳಿಗೆ ಬಂದಳು. "ವಯಸ್ಸಾದ ಕಣ್ಣಿಗೆ ಹೆಚ್ಚು ಬೆಳಕು ಬೇಕು, ಆದ್ರೆ ಆ ಬೆಳಕು ಕಣ್ಣಿಗೆ ಹೊಡೀಬಾರದು. ಮಧ್ಯದಲ್ಲಿ ಒಂದೇ ದೊಡ್ಡ ದೀಪ ಹಾಕಿದ್ರೆ ಎದುರಿಂದ ಬರೋರಿಗೆ ಕಣ್ಣು ಕೋರೈಸತ್ತೆ, ಕಾರಂಜಿ ಹಿಂದೆ ನೆರಳು ಇನ್ನೂ ದಟ್ಟ ಆಗತ್ತೆ. ಅದರ ಬದಲು ಮೆಟ್ಟಿಲ ಪಕ್ಕ ಗಿಡ್ಡ ದೀಪ ಹಾಕೋಣ, ಬೆಳಕು ನೆಲಕ್ಕೆ ಬೀಳೋ ಹಾಗೆ. ಹಿಡ್ಕೊಂಡು ಇಳಿಯೋಕೆ ಕಂಬಿ. ಮೆಟ್ಟಿಲಿನ ಅಂಚಿಗೆ ಬಿಳಿ ಪಟ್ಟಿ."

"ಪಟ್ಟಿ ಎಳೆದ್ರೆ ಏನಾಗತ್ತೆ?" ಸೊಸೆಗೆ ಇನ್ನೂ ಅನುಮಾನ. ಕೈಯಲ್ಲಿದ್ದ ಸೀಮೆಸುಣ್ಣವನ್ನು ಅತ್ತೆಗೆ ಕೊಟ್ಟಳು. ಅತ್ತೆ ಬಗ್ಗಿ, ಬೆರಳಲ್ಲಿ ತಡವಿ, ಅಂಚಿನುದ್ದಕ್ಕೂ ದಪ್ಪಗೆ ಗೆರೆ ಎಳೆದರು. ದೂರ ಸರಿದು ನೋಡಿದರು.

"ಅಯ್ಯೋ, ಇಷ್ಟಕ್ಕೇ ಕಾಣತ್ತಲ್ಲೇ!"

ಅಲ್ಲಿಗೆ ಸೊಸೆಯ ಅನುಮಾನವೂ ಕರಗಿತು. ಕೆಲಸ ಶುರುವಾಯಿತು. ಅಗೆತ, ಧೂಳು, ಸದ್ದು. ಸೊಸೆ ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿದಳು. ಗೊಣಗಿದ ಗಿರಾಕಿಗಳಿಗೆ, "ತಡ್ಕೊಳ್ಳಿ, ಇದು ನಮ್ಮದೇ ಧೂಳು," ಅಂದಳು.

ಕೊನೆಗೊಂದು ಸಂಜೆ ದೀಪಗಳು ಹೊತ್ತಿದವು. ಎಲ್ಲವೂ ಹೊತ್ತಿದವು, ಹೊಲಿಗೆ ಅಂಗಡಿಯ ಮುಂದಿನ ಮೆಟ್ಟಿಲಿನದೊಂದು ಬಿಟ್ಟು! ಹೊಸ ಕನ್ನಡಕ ಹಾಕಿ ಹೊರಟಿದ್ದ ಅತ್ತೆ ಹೊಸ್ತಿಲಲ್ಲೇ ನಿಂತರು. 'ನಾನು ಹೇಳಿರಲಿಲ್ವಾ?' ಎಂಬ ಮಾತು ಸೊಸೆಯ ನಾಲಿಗೆ ತುದಿಗೆ ಬಂತು. ಅದನ್ನು ನುಂಗಿಕೊಂಡು, ಪಕ್ಕದ ಕಂಬದ ಮೇಲೆ ಬರೆದಿದ್ದ ನಗರಸಭೆಯ ನಂಬರಿಗೆ ಫೋನ್ ಮಾಡಿ, ಯಾವ ದೀಪ, ಎಲ್ಲಿ ಎಂದು ಬಿಡಿಸಿ ಹೇಳಿದಳು. ಮಾರನೆಯ ಸಂಜೆ ಅದೂ ಹೊತ್ತಿತು.

ಅತ್ತೆ ಹೊರಟರು. ಸೊಸೆ ಕೈ ಚಾಚಿದರೆ, "ಬಿಡೇ, ನಾನೇನು ಮಗೂನಾ?" ಅಂದರು. ಆ ಬದಿಯ ಮೆಟ್ಟಿಲಿಳಿದು ತಂಗಿಯೂ ಬರುತ್ತಿದ್ದಾರೆ.

ಅವರು ನಡೆಯುತ್ತಿರಲಿ. ಅಷ್ಟರೊಳಗೆ ನಿಮ್ಮ ಹತ್ತಿರ ಎರಡು ಮಾತು. ನಿಮ್ಮ ಊರಿನ ಚೌಕವನ್ನೂ ರಿಪೇರಿ ಮಾಡುತ್ತಾರೆಂದು ತಿಳಿದರೆ, ಕರೆದಾಗ ಹೋಗಿ. ಕರೆಯದಿದ್ದರೆ ನೀವೇ ಹೋಗಿ ಕೇಳಿ. ಹೋಗುವಾಗ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ, ಅವರ ಕಾಲು ಎಲ್ಲಿ ನಿಲ್ಲುತ್ತದೆ ನೋಡಿ, ಅದನ್ನು ಹೇಳಿ. ದೀಪ ಕೆಟ್ಟರೆ ಇನ್ನೊಬ್ಬರು ಹೇಳಲಿ ಎಂದು ಕಾಯಬೇಡಿ. ಸಂಜೆ ಹೊರಗೆ ಹೋಗುವುದನ್ನು ಬಿಟ್ಟವರು ನಿಮ್ಮ ಮನೆಯಲ್ಲಿದ್ದರೆ, ಯಾಕೆಂದು ಇನ್ನೊಮ್ಮೆ ಪ್ರೀತಿಯಿಂದ ಕೇಳಿ.

ಅಗೋ, ಅತ್ತೆ ಕೊನೆಯ ಮೆಟ್ಟಿಲು ಇಳಿದರು.

"ಬರೋಕೆ ಇಷ್ಟು ದಿನ ಬೇಕಾಯ್ತೇನೇ ನಿನಗೆ?" ತಂಗಿ ಅಕ್ಕನ ಮುಖವನ್ನೇ ನೋಡುತ್ತ ಕೇಳಿದರು.

"ಮೊಣಕಾಲು ನೋವಿತ್ತು."

"ನನಗೂ ಅಷ್ಟೇ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಬೆಂಚಿನ ಮೇಲೆ ಕೂತರು.