ಹಾಸಿಗೆಯ ಆಚೆ ಬದಿ

ಅತ್ತೆ ತೀರಿಕೊಂಡು ಎರಡು ವರ್ಷವಾದರೂ ಅವಳನ್ನು ಬೀದಿಯವರೆಲ್ಲ ಹಾಸಿಗೆ ಅಂಗಡಿ ಸೊಸೆ ಎಂದೇ ಕರೆಯುತ್ತಿದ್ದರು. ಉತ್ಸವದ ಕರಪತ್ರ ಅವಳಿಗೆ ಸಿಕ್ಕಿದ್ದು ದಿಂಬು ತುಂಬಿಸಿಕೊಳ್ಳಲು ಬಂದ ಗಿರಾಕಿಯೊಬ್ಬಳ ಕೈಯಿಂದ. ನಿಮ್ಮ ನಾದಿನಿಯ ಫೋಟೊ ಬಂದಿದೆ ನೋಡಿ ಎಂದು ಆಕೆ ಹಿಗ್ಗಿನಿಂದಲೇ ತೋರಿಸಿದಳು.

ಸೊಸೆ ರೆಪ್ಪೆಗೆ ಅಂಟಿದ್ದ ಅರಳೆ ಒರೆಸಿಕೊಂಡು ಓದಿದಳು. ಜನಪದ ಗೀತೋತ್ಸವ, ಎರಡನೆಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಚಳಿಗಾಲದ ಹಾಸಿಗೆ ಹಾಡು. ಅದರ ಕೆಳಗೆ ಶಾಲೆಯಲ್ಲಿ ಸಂಗೀತ ಕಲಿಸುವ ನಾದಿನಿಯ ನಗುಮುಖ. ಇನ್ನೂ ಕೆಳಗೆ, 'ತಾಯಿಯಿಂದ ಕಲಿತು ಉಳಿಸಿಕೊಂಡು ಬಂದವರು.'

ತಿಂಗಳ ಹಿಂದೆ ಒಂದು ಭಾನುವಾರ, ಒಲೆಯ ಮೇಲೆ ಹಾಲಿಟ್ಟು, ಫೋನನ್ನು ಕಿವಿ ಹೆಗಲಿನ ನಡುವೆ ಸಿಕ್ಕಿಸಿಕೊಂಡು, ಆ ಹಾಡಿನ ಒಂದೊಂದು ಸಾಲನ್ನೂ ಬಿಡಿಸಿ ಬಿಡಿಸಿ ಹೇಳಿಕೊಟ್ಟವಳು ಸೊಸೆಯೇ. ಶಾಲೆಯ ಮಕ್ಕಳಿಗೆ ಬೇಕು ಎಂದಿದ್ದಳು ನಾದಿನಿ. ಹಾಲು ಉಕ್ಕಿ ಒಲೆಯೆಲ್ಲ ಆಗಿತ್ತು. ಮಕ್ಕಳಿಗೆ ತಾನೇ, ಕಲಿಯಲಿ ಎಂದುಕೊಂಡು ಒರೆಸಿ ಸುಮ್ಮನಾಗಿದ್ದಳು.

ಆ ಹಾಡು ಸುಮ್ಮನೆ ಕೂತು ಹಾಡುವಂಥದ್ದಲ್ಲ. ಮಳೆ ನಿಂತು ಚಳಿ ಕಾಲಿಡುವ ಮೊದಲು ಅಂಗಡಿಗೆ ಹಾಸಿಗೆಗಳು ರಾಶಿ ಬೀಳುತ್ತಿದ್ದವು. ತುಂಬಿದ ಹಾಸಿಗೆಯನ್ನು ಅಡ್ಡಲಾಗಿ ನಿಲ್ಲಿಸಿ ಈಚೆಗೆ ಒಬ್ಬರು, ಆಚೆಗೆ ಒಬ್ಬರು ಕೂರಬೇಕು. ಇವರು ಗೇಣುದ್ದದ ದಬ್ಬಳ ಚುಚ್ಚಿ ತಳ್ಳಿದರೆ ಅವರು ಎಳೆದುಕೊಳ್ಳಬೇಕು, ಎರಡೂ ಕೈಯಲ್ಲಿ ನೂಲು ಬಿಗಿದು ಗಂಟು ಹಾಕುವಷ್ಟು ಹೊತ್ತು ದಬ್ಬಳವನ್ನು ತುಟಿಗಳ ನಡುವೆ ಹಿಡಿದಿರಬೇಕು. ಬಾಯಲ್ಲಿ ದಬ್ಬಳವಿದ್ದವರು ಬರೀ ಗುನುಗಬೇಕು, ಎದುರಿನವರು ಸಾಲು ಹಾಡಬೇಕು. ದಬ್ಬಳ ವಾಪಸು ಹೋದಾಗ ಸರದಿಯೂ ತಿರುಗುತ್ತದೆ. ಒಬ್ಬರದು ಪ್ರಶ್ನೆ, ಇನ್ನೊಬ್ಬರದು ಉತ್ತರ.

ಚಳಿಯೇ ಚಳಿಯೇ ಎಲ್ಲಿದ್ದಿ?
ಹರಿದ ಹಾಸಿಗೆ ಮೂಲೇಲಿ.
ಯಾರ ಕಾಲನು ಹುಡುಕಿದ್ದಿ?
ಹೊಲಿಯದೆ ಮಲಗಿದ ಸೋಮಾರೀದು.

ಹದಿನಾಲ್ಕು ಚಳಿಗಾಲ ಅತ್ತೆಯ ಎದುರು ಕೂತವಳು ಸೊಸೆ. ಅತ್ತೆಯದೇನು ಸಕ್ಕರೆಯಂಥ ಮಾತಲ್ಲ, ಗಂಟು ಸಡಿಲವಾದರೆ ಹಾಡು ನಿಲ್ಲಿಸಿ ಅವಳ ತವರಿನ ಮೂರು ತಲೆಮಾರನ್ನು ಜಾಲಾಡುತ್ತಿದ್ದಳು. ಆ ಹೊತ್ತಿನಲ್ಲಿ ನಾದಿನಿ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಾರ್ಮೋನಿಯಂ ಒತ್ತುತ್ತಿದ್ದಳು. ಅರಳೆಯ ದೂಳು ಗಂಟಲಿಗೆ ಇಳಿಯದಂತೆ.

ಸೊಸೆಗೆ ಬೇಕಾಗಿದ್ದು ಹೆಚ್ಚೇನಲ್ಲ. ಆ ಕರಪತ್ರದಲ್ಲಿ, ಆ ಸಾಲಿನ ಜಾಗದಲ್ಲಿ, ತನ್ನ ಹೆಸರಿರಬೇಕು. ರಾತ್ರಿ ಅನ್ನ ಬಡಿಸುತ್ತ ಅಷ್ಟನ್ನೇ ಗಂಡನಿಗೆ ಹೇಳಿದಳು. ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ.

"ಹಾಡು ನಮ್ಮಮ್ಮಂದು. ಅವಳು ಅಮ್ಮನ ಮಗಳು. ನಿನಗ್ಯಾಕೆ ಉರಿ?"

"ನಾನ್ಯಾರು ಹಾಗಾದ್ರೆ?"

"ಮಜ್ಜಿಗೆ ಹಾಕು," ಎಂದ.

ನಾಲ್ಕು ದಿನ ಬಿಟ್ಟು ನಾದಿನಿಯೇ ಅಂಗಡಿಗೆ ಬಂದಳು. ಉತ್ಸವದ ಕಾರ್ಯದರ್ಶಿ ಹೊಸ ಪಟ್ಟು ಹಿಡಿದಿದ್ದರಂತೆ, ಕೆಲಸದ ಹಾಡಾದರೆ ವೇದಿಕೆಯ ಮೇಲೆ ಕೆಲಸವೂ ಕಾಣಬೇಕು. ನಾದಿನಿ ಸ್ಟೂಲಿನ ಮೇಲೆ ಕರವಸ್ತ್ರ ಹಾಸಿ ಕೂತಳು. ಅತ್ತಿಗೆ ಹಾಸಿಗೆ ತರಬೇಕು, ಆಚೆ ಕೂತು ಹೊಲಿಯಬೇಕು, ದಬ್ಬಳವನ್ನು ತನ್ನ ಕಡೆ ಬಿಡದೆ ಅಂಚಿನ ಮೇಲಿಂದ ಕೈ ಚಾಚಿ ಅತ್ತಿಗೆಯೇ ಎಳೆದುಕೊಳ್ಳಬೇಕು ಎಂದು ಮಕ್ಕಳಿಗೆ ಪಾಠ ಮಾಡಿದಂತೆ ಹೇಳಿದಳು. ಪ್ರಶ್ನೆ, ಉತ್ತರ ಎರಡನ್ನೂ ತಾನೇ ಹಾಡುವುದು.

"ನೀವು ಬರೀ ಗುನುಗಿದ್ರೆ ಸಾಕು ಅತ್ತಿಗೆ. ಮೈಕು ನಿಮ್ಮ ಕಡೆ ಇಡಿಸಲ್ಲ, ಹೆದರ್ಕೋಬೇಡಿ."

"ಕರಪತ್ರದಲ್ಲಿ ಕಲಿತೆ ಅಂತ ಹಾಕ್ಸಿದೀಯಲ್ಲ. ಯಾರ ಹತ್ರ ಕಲಿತೆ?"

"ಅಮ್ಮನ ಹಾಡು ಅಮ್ಮನ ಹತ್ರ ಅಲ್ದೆ ಇನ್ನೇನು? ನೀವು ನೆನಪಿಟ್ಟಿದ್ರಿ, ಅಷ್ಟೆ. ಬೀಗದ ಕೈ ಇಟ್ಕೊಂಡವರೆಲ್ಲ ಮನೆ ಯಜಮಾನರಾಗ್ತಾರಾ?"

ಸೊಸೆ ಬರುತ್ತೇನೆ ಎಂದಳು. ಅತ್ತಿಗೆ ಇಷ್ಟು ಬೇಗ ಬಗ್ಗಿದ್ದು ಕಂಡು ನಾದಿನಿ ಹಗುರವಾಗಿ, ಚಹಾ ಕುಡಿಯದೆಯೇ ಹೋದಳು.

ಉತ್ಸವದ ಎರಡನೆಯ ದಿನ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಒಂದು ಕಾಲಕ್ಕೆ ಹಾಸಿಗೆ ಹೊಲಿಯುತ್ತಿದ್ದ ಮುದುಕಿಯರು ಐದಾರು ಮಂದಿ ಕಾಲು ಮೇಲೆ ಹಾಕಿಕೊಂಡು ಕೂತಿದ್ದರು. ವೇದಿಕೆಯ ಮಧ್ಯೆ ಹಾಸಿಗೆ ನಿಂತಿತು. ಒಂದು ಬದಿಗೆ ಜರಿ ಸೀರೆಯ ನಾದಿನಿ ಮತ್ತು ಮೈಕು, ಇನ್ನೊಂದು ಬದಿಗೆ ಸೊಸೆ ಮತ್ತು ನೂಲಿನ ಉಂಡೆ. ಎಣ್ಣೆ ಸೀಗೆಕಾಯಿಯನ್ನು ಒಂದೇ ತಟ್ಟೆಯಲ್ಲಿಟ್ಟಂತೆ ಕೂತಿದ್ದರು.

ಮೊದಲ ನುಡಿ ನಾದಿನಿ ಹೇಳಿದಂತೆಯೇ ನಡೆಯಿತು. ಸೊಸೆ ಚುಚ್ಚಿದಳು, ತೋಳು ಚಾಚಿ ಎಳೆದುಕೊಂಡಳು, ಗುನುಗಿದಳು. ನಾದಿನಿಯ ಕಂಠ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುದುಕಿಯರು ಮುಖ ಮುಖ ನೋಡಿಕೊಳ್ಳತೊಡಗಿದರು. ದಬ್ಬಳ ಆಚೆ ಹೋಗದೆ ಉತ್ತರ ಹೇಗೆ ಬರುತ್ತದೆ ಎಂದು ಒಬ್ಬಳು ಕೇಳಿದ್ದು ವೇದಿಕೆಗೂ ಕೇಳಿಸಿತು.

ಎರಡನೆಯ ನುಡಿಗೆ ಸೊಸೆ ದಬ್ಬಳವನ್ನು ಪೂರ್ತಿ ತಳ್ಳಿ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

ನಾದಿನಿಯ ಮೊಣಕಾಲಿನ ಹತ್ತಿರ ದಬ್ಬಳದ ತುದಿ ಹೊರಬಂದು ಹೊಳೆಯಿತು. ಅವಳು ಹಾಡುತ್ತಲೇ ಹುಬ್ಬು ಗಂಟಿಕ್ಕಿ ಸನ್ನೆ ಮಾಡಿದಳು. ಸೊಸೆ ನೂಲು ನೋಡುತ್ತ ಕೂತಳು. ಆಗ ಮೊದಲ ಸಾಲಿನ ಮುದುಕಿಯೊಬ್ಬಳು ತನ್ನ ಮೊಮ್ಮಗಳಿಗೆ ಹೇಳುವಂತೆ ಹೇಳಿದಳು, "ಎಳ್ಕೊಳ್ಳಮ್ಮ, ಬಾಯಲ್ಲಿ ಹಿಡ್ಕೋ. ನಿಮ್ಮಮ್ಮ ಇದನ್ನೂ ಹೇಳ್ಕೊಟ್ಟಿಲ್ವಾ?"

ಸಭೆಯೆಲ್ಲ ನಕ್ಕಿತು. ನಾದಿನಿಗೆ ಬೇರೆ ದಾರಿ ಇರಲಿಲ್ಲ. ದಬ್ಬಳವನ್ನು ಎಳೆದು ತುಟಿಗಳ ನಡುವೆ ಇಟ್ಟುಕೊಂಡಳು. ಕಾರ್ಯದರ್ಶಿಗಳು ಇದೆಲ್ಲ ಹಾಡಿನ ಭಾಗವೆಂದು ತಿಳಿದು ತಾವೇ ಮೈಕನ್ನು ಎತ್ತಿ ಸೊಸೆಯ ಕಡೆಗೆ ಇಟ್ಟರು.

ಸೊಸೆ ಪ್ರಶ್ನೆ ಹಾಡಿದಳು. ಉತ್ತರಕ್ಕೆ ದಬ್ಬಳ ಬರಬೇಕಿತ್ತು, ಬರಲಿಲ್ಲ. ಹಾರ್ಮೋನಿಯಂ ಮೇಲೆ ಓಡುವ ಆ ಬೆರಳುಗಳಿಗೆ ನೂಲು ಸುತ್ತಿಕೊಂಡಿತ್ತೇ ಹೊರತು ಗಂಟು ಬೀಳಲಿಲ್ಲ. ಗಂಟು ಬೀಳದೆ ದಬ್ಬಳ ತೆಗೆಯುವ ಹಾಗಿಲ್ಲ. ಸೊಸೆ ಕಾಯಲಿಲ್ಲ. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ, ಉಳಿದ ಆರು ನುಡಿಯನ್ನೂ ಒರಟು ದನಿಯಲ್ಲಿ, ಅಂಗಡಿಯಲ್ಲಿ ಹಾಡುವ ಹಾಗೆಯೇ ಹಾಡಿ ಮುಗಿಸಿದಳು. ನಾದಿನಿ ಗುನುಗಲೂ ಇಲ್ಲ. ಅವಳ ಕಣ್ಣಿಂದ ನೀರು ಇಳಿದು ದಬ್ಬಳದ ಮೇಲೆ ಬಿತ್ತು. ದೂರದಲ್ಲಿ ಕೂತವರಿಗೆ ಅದು ಕಾಣುವಂತಿರಲಿಲ್ಲ. ಹಾಸಿಗೆಯ ಅಂಚಿನಿಂದ ಬಗ್ಗಿ ನೋಡಿದ ಸೊಸೆಗೆ ಕಂಡಿತು.

ಪರದೆಯ ಹಿಂದೆ ನಾದಿನಿ ದಬ್ಬಳವನ್ನು ನೆಲಕ್ಕೆಸೆದಳು.

"ಎಲ್ಲರ ಎದುರು ನನ್ನ ಬಾಯಿ ಮುಚ್ಚಿಸಿದ್ರಿ. ತಣ್ಣಗಾಯ್ತಾ?"

"ಒಂದು ಗಂಟು ಹಾಕಿದ್ರೆ ಬಾಯಿ ಬಿಡಬಹುದಿತ್ತು."

"ಯಾರು ಕಲಿಸಿದ್ರು ನಂಗೆ? ದಬ್ಬಳ ಮುಟ್ಟಿದ್ರೆ ಅಮ್ಮ ಕೈ ಮೇಲೆ ಹೊಡೀತಿದ್ಳು. ಬೆರಳು ಕೆಡುತ್ತೆ, ಒಳಗೆ ಹೋಗು ಅಂತಿದ್ಳು. ನೀವಿಬ್ರೂ ಹೊರಗೆ ಹಾಡೋದು ಗೋಡೆಗೆ ಕಿವಿ ಇಟ್ಟು ಕೇಳಿದೀನಿ ನಾನು. ಒಂದು ಸಾಲೂ ನೆಟ್ಟಗೆ ಕೇಳಿಸ್ತಿರಲಿಲ್ಲ."

ಸೊಸೆ ಅವಳ ಮುಖ ನೋಡಿದಳು. ಮಗಳ ವಯಸ್ಸಿನವಳಲ್ಲದಿದ್ದರೂ ತಾನು ತಲೆ ಬಾಚಿ ಶಾಲೆಗೆ ಕಳಿಸಿದ ಹುಡುಗಿ. ಅಳುವ ಮುಖ ಈಗಲೂ ಹಾಗೆಯೇ ಇತ್ತು, ಕೆಳದುಟಿ ಮುಂದಕ್ಕೆ. ಫೋನಿನಲ್ಲಿ ಸುಳ್ಳು ಹೇಳುವ ಬದಲು ಇದನ್ನೇ ಹೇಳಿದ್ದರೆ ಹಾಸಿಗೆಯ ಆಚೆ ಕೂರಿಸಿಕೊಂಡು ಕಲಿಸುತ್ತಿದ್ದೆ ಎನ್ನಬೇಕೆನಿಸಿತು. ಕರಪತ್ರ ನೆನಪಾಯಿತು. ಬೀಗದ ಕೈಯ ಮಾತೂ ನೆನಪಾಯಿತು. ಬಾಯಿಗೆ ಬಂದದ್ದು ಬೇರೆ.

"ಕೇಳಿಸದೇ ಇದ್ದದ್ದನ್ನ ಕಲಿತೆ ಅಂತ ಅಚ್ಚು ಹಾಕಿಸಬಾರದಿತ್ತು."

ಕಾರ್ಯದರ್ಶಿಗಳು ಪ್ರಶಸ್ತಿಪತ್ರ, ಪೆನ್ನು ಹಿಡಿದು ನಗುನಗುತ್ತ ಬಂದರು. ಇಬ್ಬರ ಹೆಸರನ್ನೂ ಬರೆಯುವುದಾ ಎಂದು ಕೇಳಿದರು.

"ಅವರೊಬ್ಬರದೇ ಬರೀರಿ," ಎಂದಳು ನಾದಿನಿ. "ಅತ್ತಿಗೆ, ನನ್ನ ತವರು ಇವತ್ತಿಗೆ ಮುಗೀತು. ಅಣ್ಣನಿಗೆ ನೀವೇ ಹೇಳಿ."

ಗಂಡನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಕೊನೆಯ ಸಾಲಿನಲ್ಲಿ ನಿಂತು ಎಲ್ಲ ನೋಡಿದ್ದ. ಮನೆಯವರೆಗೂ ಹಾಸಿಗೆಯ ಒಂದು ತುದಿ ಅವನು, ಇನ್ನೊಂದು ತುದಿ ಅವಳು ಹಿಡಿದು ನಡೆದರು.

ಅತ್ತೆ ಹೋದ ಮೇಲೆ ಹಾಸಿಗೆಯ ಆಚೆ ಕೂರುತ್ತಿದ್ದ ಕೆಲಸದಾಕೆ ಮರುದಿನ ಬೆಳಿಗ್ಗೆ ಬರಲಿಲ್ಲ. ವಸತಿಗೃಹದ ನಾಲ್ಕು ಹಾಸಿಗೆ ಸಂಜೆಯೊಳಗೆ ಹೋಗಬೇಕಿತ್ತು. ಗಂಡ ಮುಖ ಊದಿಸಿಕೊಂಡು ಆಚೆ ಬದಿಗೆ ಬಂದು ಕೂತ. ಅತ್ತೆಯ ಮಗನಲ್ಲವೇ, ಗಂಟು ಹಾಕುವುದರಲ್ಲಿ ಅವನದು ಎತ್ತಿದ ಕೈ. ಗೋಡೆಯ ಮೊಳೆಗೆ ಪ್ರಶಸ್ತಿಪತ್ರ ತೂಗುಹಾಕಿ ಬಂದ ಸೊಸೆ ದಬ್ಬಳ ತಳ್ಳಿದಳು.

ಚಳಿಯೇ ಚಳಿಯೇ ಎಲ್ಲಿದ್ದಿ?

ಅವನು ಗಂಟು ಬಿಗಿದು ದಬ್ಬಳ ವಾಪಸು ತಳ್ಳಿದ. ಅವಳು ಅದನ್ನು ತುಟಿಗಳ ನಡುವೆ ಹಿಡಿದು ಗುನುಗಿದಳು. ಆಚೆಯಿಂದ ಬರಬೇಕಾದ ಸಾಲು ಬರಲಿಲ್ಲ. ಮುಂದಿನ ಪ್ರಶ್ನೆ ಹಾಡಿದಳು. ಅದಕ್ಕೂ ಬರಲಿಲ್ಲ.

ಸಂಜೆಯೊಳಗೆ ನಾಲ್ಕೂ ಹಾಸಿಗೆ ಮುಗಿದವು.