ಮೇಲಿನ ಮಹಡಿಯ ಪರದೆ

ಎಂಟನೆಯ ಸಲವೂ ನಕ್ಷೆ ಬರಲಿಲ್ಲ. ಆಜ್ಞೆ ಹೊಡೆದು ಎಂಟರ್ ಒತ್ತಿದರೆ ಯಂತ್ರ ತಕರಾರಿಲ್ಲದೆ ಒಪ್ಪಿಕೊಳ್ಳುತ್ತಿತ್ತು. ಪರದೆಯ ಮೇಲೆ ಮಾತ್ರ ಜಪ್ಪಯ್ಯ ಅಂದರೂ ಏನೂ ಮೂಡುತ್ತಿರಲಿಲ್ಲ. ಬೈದಿದ್ದರೂ ಆಗುತ್ತಿತ್ತು, ಏನು ತಪ್ಪೆಂದಾದರೂ ತಿಳಿಯುತ್ತಿತ್ತು. ನೀರು ಸರಬರಾಜು ಕಚೇರಿಯವರೆಲ್ಲ ನಕ್ಷೆ ಮೇಡಂ ಎಂದು ಕರೆಯುವ ಆಕೆ, ಊರಿನ ಕೊಳವೆಗಳ ನಕ್ಷೆಯನ್ನು ಇಪ್ಪತ್ತೆರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದವಳು, ಕುರ್ಚಿಯ ತುದಿಗೆ ಬಂದು ಕೂತಿದ್ದಳು.

ನಕ್ಷೆಯ ತಂತ್ರಾಂಶ ಇರುವುದು ನೆಲಮಾಳಿಗೆಯ ಹಳೆಯ ಯುನಿಕ್ಸ್ ಯಂತ್ರದಲ್ಲಿ. ದುಡಿಮೆಯೆಲ್ಲ ಅದರದು, ಮೇಜಿನ ಮೇಲಿನ ಕಂಪ್ಯೂಟರಿನದು ಬರೀ ತೋರಿಸುವ ಕೆಲಸ. ಹಿಂದಿನ ದಿನ ನೆಲಮಾಳಿಗೆಯ ಯಂತ್ರದ ಡಿಸ್ಕ್ ಕೈಕೊಟ್ಟಿತ್ತು. ರಿಪೇರಿಯವನು ಹೊಸದು ಹಾಕಿ, ಬ್ಯಾಕಪ್ಪಿನಿಂದ ಎಲ್ಲವನ್ನೂ ವಾಪಸ್ ತುಂಬಿ, ಏನೂ ಕಳೆದಿಲ್ಲ ಎಂದು ಹೇಳಿ ಹೋಗಿದ್ದ.

ಕೊಳವೆ ರಿಪೇರಿಗೆ ಹೋಗಿದ್ದ ಮೇಸ್ತ್ರಿಯ ಫೋನು ಮತ್ತೆ ಬಂತು. ದೊಡ್ಡ ಕೊಳವೆ ಒಡೆದು ರಸ್ತೆಬದಿಯ ಮನೆಗಳಿಗೆ ನೀರು ನುಗ್ಗುತ್ತಿತ್ತು. ಮುಚ್ಚಬಹುದಾದ ವಾಲ್ವುಗಳು ಎರಡೇ: ನಾಲ್ಕನೆಯದು ಮತ್ತು ಹನ್ನೊಂದನೆಯದು. ಅವುಗಳಲ್ಲಿ ಒಂದನ್ನು ಮುಚ್ಚಿದರೆ ಡಯಾಲಿಸಿಸ್ ಆಸ್ಪತ್ರೆಗೂ ನೀರು ನಿಲ್ಲುತ್ತದೆ. ಅಲ್ಲಿ ಆಗ ಹನ್ನೆರಡು ಮಂದಿ ಯಂತ್ರಕ್ಕೆ ರಕ್ತ ಕೊಟ್ಟು ಮಲಗಿದ್ದರು. ಯಾವುದನ್ನು ಮುಟ್ಟಬಾರದು ಎಂಬುದನ್ನು ನಕ್ಷೆ ನೋಡಿಯೇ ಹೇಳಬೇಕು.

"ಹತ್ತು ನಿಮಿಷ ಕೊಡಪ್ಪಾ," ಎಂದಳು.

ಕಂಪ್ಯೂಟರನ್ನು ಆರಿಸಿ ಹಚ್ಚಿದ್ದಾಗಿತ್ತು. ವಿಂಡೋಗಳನ್ನು ಬರಮಾಡಿಕೊಳ್ಳುವ ಪ್ರೋಗ್ರಾಮು ನಡೆಯುತ್ತಿದೆಯೇ ಎಂದು ನೋಡಿದ್ದಾಗಿತ್ತು. ಅದು ಆರಾಮಾಗಿ ನಡೆಯುತ್ತಿತ್ತು. ಪರೀಕ್ಷೆಗೆಂದೇ ಇರುವ ಪುಟ್ಟ ಗಡಿಯಾರವನ್ನು ನೆಲಮಾಳಿಗೆಯಿಂದ ಕರೆದಳು, ಬರಲಿಲ್ಲ. ಅದನ್ನೇ ತನ್ನ ಕಂಪ್ಯೂಟರಿನಿಂದ ಕರೆದಳು, ಟಕ್ಕೆಂದು ಬಂತು. ಅಂದಮೇಲೆ ಪರದೆ ನೆಟ್ಟಗಿದೆ, ಕಳಿಸುವ ಜಾಗದಲ್ಲೇ ಏನೋ ಎಡವಟ್ಟು. ಒಂಬತ್ತನೆಯ ಸಲ ನಕ್ಷೆ ಕರೆದು, ಯಾರ ಪರದೆಗೆ ಕಳಿಸುತ್ತಿದ್ದೀಯ ಎಂದು ಯಂತ್ರವನ್ನೇ ಕೇಳಿದಳು. ಹದಿನಾಲ್ಕನೆಯ ಮೇಜು ಎಂದಿತು.

ಹದಿನಾಲ್ಕು ಅವಳ ಮೈದುನನ ಮೇಜು.

ಅವನನ್ನು ಕೆಲಸಕ್ಕೆ ಸೇರಿಸಿದವಳು ಅವಳೇ, ಕಲಿಸಿದವಳೂ ಅವಳೇ. ತಾನು ತೆರೆದ ನಕ್ಷೆ ಅವನ ಪರದೆಯ ಮೇಲೆ ಬೀಳಲಿ, ನೋಡಿ ಕಲಿಯಲಿ ಎಂದು ಆಗ ಯಂತ್ರದಲ್ಲಿ ಒಂದು ಸಾಲು ಬರೆದಿಟ್ಟಿದ್ದಳು. ಆಮೇಲೆ ಅವನು ನಕ್ಷೆಯಲ್ಲಿ ಒಂದು ಕೊಳವೆಯ ಗೆರೆ ಬಿಟ್ಟುಬಿಟ್ಟ. ಅವಳು ಕಂಡುಹಿಡಿದಳು, ತಾನೇ ತಿದ್ದಿದಳು, ಸಾಹೇಬರಿಗೆ ಬರೆದುಕೊಟ್ಟಳು. ಅವನನ್ನು ಕಂಪ್ಯೂಟರಿನ ಸಮೇತ ಮೇಲಿನ ಮಹಡಿಯ ದೂರು ವಿಭಾಗಕ್ಕೆ ಸಾಗಹಾಕಿದರು. ಯಂತ್ರದಲ್ಲಿದ್ದ ಆ ಸಾಲನ್ನು ಅವಳು ಅಂದೇ ಅಳಿಸಿದ್ದಳು. ಮೊದಲು ನನಗೊಂದು ಮಾತು ಹೇಳಬಹುದಿತ್ತಲ್ಲ ಎಂದು ಅಣ್ಣನ ಹತ್ತಿರ ಅಂದವನು, ವಾರದೊಳಗೆ ಬೇರೆ ಮನೆ ಮಾಡಿದ. ನಿಯಮ ಅಂದರೆ ನಿಯಮ ಎಂದು ಇವಳೂ ಬಿಗಿದುಕೊಂಡಳು. ನಡುವೆ ಸಿಕ್ಕ ಗಂಡ ಮೂರು ವರ್ಷದಿಂದ ಅಲ್ಲಿಗೊಂದು ಇಲ್ಲಿಗೊಂದು ಹೇಳಿಕೊಂಡು ಹೈರಾಣಾಗಿದ್ದ. ಮೆಟ್ಟಿಲಲ್ಲಿ ಎದುರಾದರೆ ಮೈದುನ ಗೋಡೆಯ ಬಣ್ಣ ನೋಡುತ್ತ ಇಳಿಯುತ್ತಿದ್ದ.

ನಡೆಯುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆಗೆದಳು. ಎಂಟು ನಕ್ಷೆ, ಒಂದು ಗಡಿಯಾರ, ಯಾವುದೂ ಅದರಲ್ಲಿರಲಿಲ್ಲ, ಮೇಲಿನ ಮಹಡಿಯಲ್ಲಿ ಮೈದುನ ಎಲ್ಲವನ್ನೂ ಮುಚ್ಚಿದ್ದ. ಒಂಬತ್ತನೆಯ ನಕ್ಷೆ ಮಾತ್ರ ಇನ್ನೂ ತೆರೆದಿತ್ತು.

ಒಂದು ಸಾಲು ತಿದ್ದಿದರೆ ಮುಗಿಯಿತು. ಅವಳ ಬೆರಳು ಕೀಲಿಯ ಮೇಲಿದ್ದಾಗ ಕಚೇರಿಯೊಳಗಿನ ಫೋನು ಬಡಿದುಕೊಂಡಿತು.

"ಅತ್ತಿಗೆ, ನಕ್ಷೆ ನನ್ನ ಹತ್ರ ಬರ್ತಿದೆ."

"ಈಗ ಗೊತ್ತಾಯ್ತು. ಸರಿ ಮಾಡ್ತಿದೀನಿ."

"ಮಾಡಿ. ಆದ್ರೆ ಇದನ್ನ ನಂಬಬೇಡಿ. ಹಳೇ ನಕ್ಷೆ ಇದು. ನನ್ನ ತಪ್ಪು ಹಾಗೇ ಇದೆ ಇದ್ರಲ್ಲಿ."

ಅವಳು ಎರಡೆರಡು ಮೆಟ್ಟಿಲು ಹತ್ತಿದಳು. ಕೊಳವೆ ಒಡೆದ ದೂರುಗಳು ಬೆಳಗಿನಿಂದ ಅವನಿಗೇ ಬಂದಿದ್ದವು. ರಸ್ತೆ ಯಾವುದೆಂದು ಅವನಿಗೆ ಗೊತ್ತಿತ್ತು. ಪರದೆಯ ಮೇಲೆ ಅದೇ ರಸ್ತೆಯನ್ನು ದೊಡ್ಡದು ಮಾಡಿ ಇಟ್ಟುಕೊಂಡಿದ್ದ. ಹನ್ನೊಂದನೆಯ ವಾಲ್ವಿನಿಂದ ಆಸ್ಪತ್ರೆಗೆ ಗೆರೆಯೇ ಇರಲಿಲ್ಲ. ಇದನ್ನು ನೋಡಿದ್ದರೆ ಅವಳು ಕಣ್ಣುಮುಚ್ಚಿ ಹನ್ನೊಂದನ್ನು ಮುಚ್ಚಿಸುತ್ತಿದ್ದಳು. ರಿಪೇರಿಯವನು ತುಂಬಿದ್ದು ಮೂರು ವರ್ಷ ಹಿಂದಿನ ಬ್ಯಾಕಪ್ಪು, ಅವಳು ಅಳಿಸಿದ್ದ ಸಾಲೂ ಅದರ ಜೊತೆಗೇ ಮರಳಿತ್ತು.

"ಇದೇ ರಸ್ತೆ ಅನ್ನೋದು ನನಗೆ ಮರೆತೇ ಹೋಗಿತ್ತು," ಎಂದಳು.

"ನನಗೆ ಮರೆಯಲ್ಲ."

ಅವಳಿಗೆ ನಾಚಿಕೆಯಾಯಿತು. ಆಮೇಲೆ ಅವಳು ತಿದ್ದಿದ ಗೆರೆಗಳು ನೂರಾರು. ಅವನ ಪಾಲಿಗೆ ಇದ್ದದ್ದು ಇದೊಂದೇ. ಮೇಸ್ತ್ರಿಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟಳು. ಅವನು ತುಸು ಹಿಂಜರಿದ. ವಾಲ್ವಿನ ವಿಷಯ ಅವನನ್ನು ಯಾರಾದರೂ ಕೇಳಿ ಮೂರು ವರ್ಷವಾಗಿತ್ತು.

"ನಾಲ್ಕು ಮುಚ್ಚಿ. ಹನ್ನೊಂದನ್ನ ಮುಟ್ಟಬೇಡಿ."

ಮೇಸ್ತ್ರಿಗೆ ದನಿ ಹೊಸದು. ಮೇಡಂ ಹೇಳಲಿ ಎಂದ. ಅವಳು ಫೋನಿನತ್ತ ಬಗ್ಗಿದಳು. "ಅವನು ಹೇಳಿದ್ದೇ ಸರಿ. ಹಾಗೇ ಮಾಡು."

ಇಪ್ಪತ್ತು ನಿಮಿಷ ಕಳೆಯಿತು. ಗುಂಡಿಯಲ್ಲಿ ನೀರು ಇಳಿಯಿತು, ಆಸ್ಪತ್ರೆಯ ನಲ್ಲಿ ಬರುತ್ತಲೇ ಇದೆ ಎಂದು ಮೇಸ್ತ್ರಿ ತಿಳಿಸಿದ. ಮೈದುನ ಮೌಸ್ ಹಿಡಿದು, ಬಿಟ್ಟುಹೋಗಿದ್ದ ಗೆರೆಯನ್ನು ನಿಧಾನವಾಗಿ ಎಳೆದ. ಉಳಿಸಲು ಹೋದಾಗ ತಂತ್ರಾಂಶ ಎರಡು ಹೆಸರು ಕೇಳಿತು, ಎಳೆದವರದು, ಪರಿಶೀಲಿಸಿದವರದು. ಮೊದಲನೆಯದನ್ನು ತುಂಬಿ ಅವನು ಕೀಲಿಮಣೆಯನ್ನು ಅವಳತ್ತ ಸರಿಸಿದ.

ಓಡಿಬಂದ ಭರದಲ್ಲಿ ಅವಳ ಕನ್ನಡಕ ಕೆಳಗೇ ಉಳಿದಿತ್ತು. ಗೆರೆ ಕಾಣುತ್ತಿತ್ತು, ಅದರ ಪಕ್ಕದ ಸಣ್ಣ ಅಂಕಿಗಳು ಕಾಣುತ್ತಿರಲಿಲ್ಲ. ತನ್ನ ಕಣ್ಣಿನಿಂದ ನೋಡದೆ ಅವಳು ಯಾವ ಗೆರೆಗೂ ಹೆಸರು ಹಾಕಿದವಳಲ್ಲ.

"ನೀನೇ ಓದು," ಎಂದಳು.

ಅವನು ಉದ್ದ, ಅಗಲ, ಆಳ, ವಾಲ್ವಿನ ಸಂಖ್ಯೆ ಎಂದು ಒಂದೊಂದಾಗಿ ಓದುತ್ತ ಹೋದ. ಅವಳು ಒಂದೊಂದಕ್ಕೂ ಹೂಂ ಎಂದು, ಕೊನೆಗೆ ತಡವರಿಸುತ್ತ ತನ್ನ ಹೆಸರಿನ ಅಕ್ಷರಗಳನ್ನು ಒತ್ತಿದಳು.